ಗಿಳಿಯ ಸಾವಿಗಾಗಿ ಜಗಳ

ಬೆಂಚೊಂದು ಕಿರ್ರೆಂದಿತು. ಶಾಲೆಯ ತರಗತಿಯಲ್ಲಿ ಗೋಡೆಯತ್ತ ಮುಖ ಮಾಡಿ ನಿಂತು ಓದುತ್ತಿದ್ದ ಅಕ್ಕ ಓದು ನಿಲ್ಲಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಬಲಗೈಯ ಪೆನ್ಸಿಲ್ ಮಾತ್ರ ಹಾಳೆಯ ಅಂಚಿಗೆ ಸರಿದು ಒಂದು ಗೀಟು ಎಳೆದು ಹಿಂದಿರುಗಿತು. ಇನ್ನೊಂದು ಬೆಂಚು ಕಿರ್ರೆಂದಿತು. ಅದರ ಬೆನ್ನಿಗೇ ಯಾರದೋ ಕೆಮ್ಮು, ಯಾರದೋ ಆಕಳಿಕೆ, ರಬ್ಬರು ನೆಲಕ್ಕೆ ಬಿದ್ದು ಪುಟಿದ ಸದ್ದು. ಮತ್ತೊಂದು ಗೀಟು. ಮಕ್ಕಳಿಗೆ ಬೆನ್ನು ಕೊಟ್ಟು ತಾವೇ ಬರೆದ ಮಕ್ಕಳ ಕಾದಂಬರಿ ಓದುವ ಮನುಷ್ಯರೆಂದರೆ ನಾನು ಕಂಡದ್ದು ಅವರೊಬ್ಬರನ್ನೇ.

"ಮುಖ ತೋರಿಸಿದರೆ ಅವು ಮರ್ಯಾದೆ ಮಾಡ್ತಾವೆ" ಎಂದಿದ್ದರು ಒಮ್ಮೆ, ನಾನು ಕಾರಣ ಕೇಳಿದಾಗ. "ಮಿಸ್ ನೋಡ್ತಿದಾರೆ ಅಂತ ಕಣ್ಣು ಅರಳಿಸಿಕೊಂಡು ಕೂತಿರ್ತಾವೆ. ಮುಖ ಸುಳ್ಳು ಹೇಳುತ್ತೆ. ಕುಂಡಿ ಹೇಳಲ್ಲ."

ಎಲ್ಲಿ ಬೆಂಚು ಸದ್ದು ಮಾಡಿತೋ ಅಲ್ಲಿ ಕಥೆ ಸೊರಗಿದೆ ಎಂದು ಅವರ ಲೆಕ್ಕ. ಮನೆಗೆ ಹೋಗಿ ಆ ಗೀಟುಗಳ ಪಕ್ಕದ ವಾಕ್ಯಗಳನ್ನೆಲ್ಲ ಕರುಣೆಯಿಲ್ಲದೆ ಹೊಡೆದುಹಾಕುತ್ತಿದ್ದರು. ನಾನು ಮೆಚ್ಚಿ ಬಾಯಿಪಾಠ ಮಾಡಿಕೊಂಡಿದ್ದ ಒಂದು ಸಮುದ್ರವರ್ಣನೆ ಹೀಗೆಯೇ ಮೂರನೆಯ ಸಾಲಿನ ಒಬ್ಬ ಹುಡುಗನ ಚಡಪಡಿಕೆಗೆ ಬಲಿಯಾಯಿತು. ಅಯ್ಯೋ ಅಂದೆ. "ನಿನಗೆ ಇಷ್ಟ ಆಯ್ತು ಅಂದರೆ ಅದು ದೊಡ್ಡವರಿಗೆ ಬರೆದದ್ದು. ಹೋಗಲಿ ಬಿಡು" ಎಂದರು. ಕವಿತೆ ಬರೆಯುತ್ತ ಅವರ ಬಳಿಗೆ ಬಂದ ನನ್ನಂಥವನಿಗೆ ಅದಕ್ಕಿಂತ ಕಟುವಾದ ವಿಮರ್ಶೆ ಬೇರೆ ಬೇಕಿರಲಿಲ್ಲ.

ಬದುಕಿನ ಬಹುಭಾಗ ಅದೇ ಶಾಲೆಯಲ್ಲಿ ಗಣಿತ ಕಲಿಸಿದವರು ಅವರು. ಕೆಲಸ ಬಿಟ್ಟ ಮೇಲೂ ಕೋಟು ಬಿಡಲಿಲ್ಲ. ಸೀಮೆಸುಣ್ಣದ ಪುಡಿಯಿಂದ ಬಟ್ಟೆ ಕಾಪಾಡಿಕೊಳ್ಳಲು ತೊಡುತ್ತಿದ್ದ, ಮಂಡಿಯವರೆಗೆ ಬರುವ ಬೂದುಬಣ್ಣದ ಹತ್ತಿಯ ಕೋಟು ಅದು. ಅದರ ಜೇಬುಗಳಲ್ಲಿ ಸೀಮೆಸುಣ್ಣದ ತುಂಡುಗಳು, ಮೊಂಡು ಪೆನ್ಸಿಲ್ಲುಗಳು, ಆ ಕೋಟಿನದಲ್ಲದ ಒಂದು ಗುಂಡಿ. ನಡಿಗೆಯಲ್ಲಿ ತಲೆ ಮುಂದೆ, ದೇಹ ಹಿಂದೆ. ಓಡಿಹೋಗುತ್ತಿರುವ ತಪ್ಪೊಂದನ್ನು ಅಟ್ಟಿಸಿಕೊಂಡು ಹೋಗುವಂತೆ ಹೋಗುತ್ತಿದ್ದರು. ಮಕ್ಕಳ ತಲೆ ಸವರುತ್ತಿರಲಿಲ್ಲ, ಕೆನ್ನೆ ಹಿಂಡುತ್ತಿರಲಿಲ್ಲ, 'ಜಾಣಮರಿ' ಎನ್ನುತ್ತಿರಲಿಲ್ಲ. ಮಕ್ಕಳು ಅವರನ್ನು ಸಿಡಿಮದ್ದು ಎಂದು ಕರೆಯುತ್ತಿದ್ದವು. ಅದು ಅವರಿಗೂ ಗೊತ್ತಿತ್ತು. ಆದರೆ ಆ ಸಿಡಿಮದ್ದಿನ ವಿಚಿತ್ರವೆಂದರೆ ಅದು ಸಿಡಿಯುವಾಗ ಸದ್ದಾಗುತ್ತಿರಲಿಲ್ಲ. ಸಿಟ್ಟು ಏರಿದಂತೆ ದನಿ ಇಳಿಯುತ್ತಿತ್ತು, ಮರ್ಯಾದೆ ಹೆಚ್ಚುತ್ತಿತ್ತು. ಸಂತೋಷದಲ್ಲಿ 'ನೀನು' ಆಗಿದ್ದವನು ಸಣ್ಣ ಸಿಟ್ಟಿಗೆ 'ನೀವು' ಆಗುತ್ತಿದ್ದ. ಯಾರಾದರೂ 'ತಾವು' ಎನ್ನಿಸಿಕೊಂಡರೆ ಅವನ ಕಥೆ ಮುಗಿಯಿತೆಂದೇ ಅರ್ಥ. ಶಾಲೆಯ ಜವಾನನಿಂದ ಹಿಡಿದು ಪುಸ್ತಕದ ಪ್ರಕಾಶಕರವರೆಗೆ ಎಲ್ಲರಿಗೂ ಅವರು ಅಕ್ಕನೇ. ಎಲ್ಲರೂ ಆ 'ತಾವು' ಎಂಬ ಮಾತಿಗೆ ಹೆದರುತ್ತಿದ್ದರು.

ಅವರ ಕಾದಂಬರಿ ಹುಟ್ಟಿದ್ದೂ ಒಂದು ಹಳೆಯ ಸಿಟ್ಟಿನಿಂದಲೇ. ರಾಕ್ಷಸನ ಪ್ರಾಣ ಅವನ ಮೈಯೊಳಗಿಲ್ಲ. ಏಳು ಸಮುದ್ರಗಳಾಚೆಯ ನಡುಗಡ್ಡೆಯಲ್ಲಿ, ಮರದ ಪೊಟರೆಯಲ್ಲಿ, ಕಬ್ಬಿಣದ ಪಂಜರದಲ್ಲಿರುವ ಗಿಳಿಯ ಕೊರಳಲ್ಲಿದೆ ಎಂಬ ಕಥೆ ಯಾರಿಗೆ ಗೊತ್ತಿಲ್ಲ? ರಾಜಕುಮಾರ ಹೋಗುತ್ತಾನೆ, ಗಿಳಿಯ ಕತ್ತು ಮುರಿಯುತ್ತಾನೆ, ಇಲ್ಲಿ ರಾಕ್ಷಸ ದೊಪ್ಪನೆ ಬೀಳುತ್ತಾನೆ, ಅಲ್ಲಿಗೆ ಮದುವೆಯ ಓಲಗ. ಚಿಕ್ಕ ಹುಡುಗಿಯಾಗಿದ್ದಾಗ ಅಕ್ಕ ಕೇಳಿದ್ದರಂತೆ: "ಗಿಳಿ ಏನು ತಪ್ಪು ಮಾಡಿತ್ತು, ತಾತ?" ಕಥೆ ಹೇಳುತ್ತಿದ್ದ ತಾತ ಬೀಡಿ ಆರಿಸುತ್ತ, "ಗಿಳಿ ತಾನೇ, ಬಿಡು" ಎಂದರಂತೆ.

"ಆ 'ಬಿಡು' ಇದೆಯಲ್ಲ, ನಾನು ಬಿಡಲಿಲ್ಲ" ಎನ್ನುತ್ತಿದ್ದರು ಅಕ್ಕ.

ಅವರ ಕಾದಂಬರಿಯಲ್ಲಿ ರಾಜಕುಮಾರನಿಗೆ ಎರಡನೆಯ ಸಮುದ್ರದಲ್ಲೇ ವಾಂತಿ ಶುರುವಾಗುತ್ತದೆ. ಅವನು ಮೂರನೆಯದರ ದಡದಲ್ಲಿ ಮಲಗಿಬಿಡುತ್ತಾನೆ. ಮುಂದಕ್ಕೆ ಹೋಗುವವಳು ದೋಣಿಯ ಅಂಬಿಗನ ಮಗಳು, ಹಲ್ಲು ಬಿದ್ದ, ಬಾಯಿಬಡುಕಿ ಹುಡುಗಿ. ಉಪ್ಪಿನ ಬೆಟ್ಟಗಳ ನಡುವೆ, ಮಾತಾಡುವ ಸುಳಿಗಳ ನಡುವೆ, ನೆರಳುಗಳನ್ನು ತಿಂದು ಬದುಕುವ ಮೀನುಗಳ ನಡುವೆ ಅವಳು ಗಿಳಿಯನ್ನು ತಲುಪುತ್ತಾಳೆ. ತಲುಪಿದರೆ, ಆ ಗಿಳಿ ಮುದಿಯಾಗಿದೆ. ಪುಕ್ಕ ಉದುರಿದೆ, ಕಣ್ಣು ಮಂಜಾಗಿದೆ. ಅದರ ಜೊತೆಗಾರ ಗಿಳಿ, ಮರಿಗಳು, ಮರಿಗಳ ಮರಿಗಳು ಯಾವ ಕಾಲದಲ್ಲೋ ಸತ್ತುಹೋಗಿವೆ. ಇದಕ್ಕೆ ಮಾತ್ರ ಸಾಯುವಂತಿಲ್ಲ, ಕೊರಳಲ್ಲಿ ಬೇರೆಯವರ ಪ್ರಾಣ ಸಿಕ್ಕಿಕೊಂಡಿದೆ. "ನನ್ನನ್ನು ಕೊಲ್ಲಬೇಡ. ಅವನನ್ನು ಕರೆದು ತಾ. ಅವನದನ್ನು ಅವನು ತೊಗೊಂಡು ಹೋಗಲಿ" ಎನ್ನುತ್ತದೆ ಗಿಳಿ. ಹುಡುಗಿ ಏಳು ಸಮುದ್ರ ವಾಪಸು ಹೋಗಿ ರಾಕ್ಷಸನ ಕಿವಿಯಲ್ಲಿ ಕೂಗಿ, ಬೈದು, ಅಣಕಿಸಿ ಅವನನ್ನು ಕರೆತರುತ್ತಾಳೆ. ತನ್ನ ಪ್ರಾಣವನ್ನು ತಾನೇ ಅಂಗೈಯಲ್ಲಿ ಹಿಡಿದ ರಾಕ್ಷಸ ಜೀವನದಲ್ಲಿ ಮೊದಲ ಸಲ ಹೆದರುತ್ತಾನೆ. ಗಿಳಿ ನೀರು ಕುಡಿಯುತ್ತದೆ, ಪಂಜರದ ಹೊರಗೆ ಒಂದು ಸಂಜೆ ಕಳೆಯುತ್ತದೆ, ಹುಡುಗಿಯ ಮಡಿಲಲ್ಲಿ ಸಾಯುತ್ತದೆ. ಹುಡುಗಿ ಅದನ್ನು ಬಟ್ಟೆಯಲ್ಲಿ ಸುತ್ತಿ, ಮರದ ಸೌಟಿನಿಂದ ಗುಂಡಿ ತೋಡುತ್ತಾಳೆ. ಕೊನೆಯ ವಾಕ್ಯ ನನಗೆ ಇನ್ನೂ ನೆನಪಿದೆ: 'ಗುಂಡಿ ಚಿಕ್ಕದು, ಆದರೂ ತೋಡಿ ಮುಗಿಯಲೇ ಇಲ್ಲ ಅನ್ನಿಸಿತು ಅವಳಿಗೆ.'

ಈ ಸಾವನ್ನು ಅವರು ಎಲ್ಲಿಂದ ತಂದರು ಎಂಬುದು ನನಗೆ ತಿಳಿದದ್ದು ತಡವಾಗಿ. ಅಕ್ಕ ಕಲಿಸುತ್ತಿದ್ದಾಗ ಅವರ ತರಗತಿಯಲ್ಲಿ ಒಬ್ಬ ಹುಡುಗಿಯ ತಾಯಿ ತೀರಿಕೊಂಡಿದ್ದರು. ಅಪ್ಪ, ಚಿಕ್ಕಮ್ಮ, ಮಾವ ಎಲ್ಲರೂ ಸೇರಿ ಮಗುವಿಗೆ ಹೇಳಿದ್ದು, ಅಮ್ಮ ದೂರದ ದೊಡ್ಡ ಆಸ್ಪತ್ರೆಗೆ ಹೋಗಿದ್ದಾಳೆ ಎಂದು. ಶಾಲೆಗೂ ಹೇಳಿಕಳಿಸಿದ್ದರು, ಯಾರೂ ಬಾಯಿ ಬಿಡಬಾರದು ಎಂದು. ಹುಡುಗಿ ದಿನವೂ ಗೇಟಿನ ಕಡೆ ನೋಡುತ್ತ ಕೂರುತ್ತಿದ್ದಳು, ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸು ಒಯ್ಯುತ್ತಿದ್ದಳು. ಮಾಡದ ತಪ್ಪಿಗೂ ಕ್ಷಮೆ ಕೇಳತೊಡಗಿದ್ದಳು, ತನ್ನ ಮೇಲಿನ ಸಿಟ್ಟಿಗೆ ಅಮ್ಮ ಬರುತ್ತಿಲ್ಲವೆಂದು ತಿಳಿದು. ಅಕ್ಕ ಒಂದು ಮಧ್ಯಾಹ್ನ ಅವಳನ್ನು ಖಾಲಿ ತರಗತಿಯಲ್ಲಿ ಎದುರಿಗೆ ಕೂರಿಸಿಕೊಂಡು ನಿಜ ಹೇಳಿದರು. ಹುಡುಗಿ ಕೋಟಿನ ತೋಳು ಹಿಡಿದು, ಶಾಲೆಯೆಲ್ಲ ಕೇಳುವಂತೆ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಡಬ್ಬಿಯ ಮುಚ್ಚಳ ತೆಗೆದು, ಊಟ ಮಾಡಿದಳು.

ಮರುದಿನ ಅಪ್ಪ ಬಂದು ಮುಖ್ಯೋಪಾಧ್ಯಾಯರ ಮೇಜು ಗುದ್ದಿದ. ಅಕ್ಕನನ್ನು ಆ ತರಗತಿಯಿಂದ ತೆಗೆದು ಒಂದನೆಯ ತರಗತಿಗೆ ಹಾಕಿದರು. "ಮಗು ಊಟ ಮಾಡಿತಾ ಅಂತ ಒಬ್ಬರೂ ಕೇಳಲಿಲ್ಲ. ಮಗು ಯಾಕೆ ಅತ್ತಿತು ಅಂತ ಎಲ್ಲರೂ ಕೇಳಿದರು" ಎಂದು ಅಕ್ಕ ಇದನ್ನು ಹೇಳುವಾಗ ಅವರ ದನಿ ಎಷ್ಟು ಇಳಿದಿತ್ತೆಂದರೆ ನಾನು ಮುಂದಕ್ಕೆ ಬಾಗಿ ಕೇಳಬೇಕಾಯಿತು.

ಕೊನೆಯ ಅಧ್ಯಾಯವನ್ನು ಅವರು ಆ ಶಾಲೆಯಲ್ಲಿ ಓದಿದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಗಿಳಿ ನೀರು ಕುಡಿಯುವಲ್ಲಿಂದ ಒಂದು ಬೆಂಚೂ ಸದ್ದು ಮಾಡಲಿಲ್ಲ. ಮೂರನೆಯ ಸಾಲಿನ ಆ ಚಡಪಡಿಕೆಯ ಹುಡುಗನೂ ಕಂಬದ ಹಾಗೆ ಕೂತಿದ್ದ. ಓದು ಮುಗಿದ ಮೇಲೆ ಅವನೇ ಕೇಳಿದ:

"ಸತ್ತೇ ಹೋಯ್ತಾ ಮಿಸ್?"

"ಹೂಂ" ಅಂದಿತು ಬೂದುಕೋಟಿನ ಬೆನ್ನು.

"ನಿಜವಾಗ್ಲೂ?"

"ನಿಜವಾಗ್ಲೂ."

"ನಮ್ಮ ನಾಯಿನೂ ಹಾಗೇ ಸತ್ತಿದ್ದು" ಎಂದ ಅವನು. ಆಮೇಲೆ ತರಗತಿಯ ತುಂಬ ಸತ್ತ ನಾಯಿಗಳು, ಬೆಕ್ಕುಗಳು, ಮೀನುಗಳು, ಒಬ್ಬಳ ಅಜ್ಜಿ, ಒಬ್ಬನ ಹುಟ್ಟದೇ ಹೋದ ತಮ್ಮ. ಯಾರೂ ಕೇಳದೆ ಇಷ್ಟು ದಿನ ಬಾಯೊಳಗೇ ಇಟ್ಟುಕೊಂಡಿದ್ದವೆಲ್ಲ ಸಾಲಾಗಿ ಹೊರಬಂದವು. ಅಕ್ಕನ ಕೈಯ ಪೆನ್ಸಿಲ್ ಆ ಹಾಳೆಗಳ ಅಂಚಿನಲ್ಲಿ ಒಂದೂ ಗೀಟು ಎಳೆದಿರಲಿಲ್ಲ.

ಪ್ರಕಾಶಕರು ಕೆಟ್ಟವರಲ್ಲ. ಅದೇ ನನ್ನನ್ನು ಹೆಚ್ಚು ಉರಿಸುವುದು. ನಯವಾಗಿ ಮಾತಾಡುವ, ಇಸ್ತ್ರಿ ಮಾಡಿದ ನಗುವಿನ ಮನುಷ್ಯ. ಮಕ್ಕಳ ಮನಸ್ಸು ಹೂವು ಎಂದು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಈ ಹೂವಿನ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೂವೆನ್ನುವವರೆಲ್ಲ ಮಕ್ಕಳನ್ನು ಹೂದಾನಿಯಲ್ಲಿಟ್ಟು ನೋಡುವವರೇ; ಬಾಗಿಲ ಹಿಂದೆ ನಿಂತು ದೊಡ್ಡವರ ಪಿಸುಮಾತು ಕೇಳುವ ಮಗುವನ್ನು, ಎಲ್ಲ ತಿಳಿದೂ ದೊಡ್ಡವರಿಗೆ ಬೇಜಾರಾಗಬಾರದೆಂದು ತಿಳಿಯದವರ ಹಾಗೆ ನಟಿಸುವ ಮಗುವನ್ನು ಅವರು ಕಂಡೇ ಇಲ್ಲ.

ಪುಸ್ತಕದ ಬಿಡುಗಡೆ ಒಂದು ದೊಡ್ಡ ಪುಸ್ತಕದಂಗಡಿಯ ಮಹಡಿಯಲ್ಲಿ. ಮಕ್ಕಳಿಗಾಗಿ ಬಣ್ಣಬಣ್ಣದ ಮೆತ್ತೆಗಳನ್ನು ಹಾಸಿದ್ದರು. ಅಕ್ಕ ಬಂದವರೇ ಒಂದು ಮೆತ್ತೆಯನ್ನು ಒತ್ತಿ ನೋಡಿದರು. "ಇದರ ಮೇಲೆ ಕೂತರೆ ಸದ್ದೇ ಬರಲ್ಲವಲ್ಲ. ನನಗೆ ಹೇಗೆ ಗೊತ್ತಾಗಬೇಕು?" ಎಂದು ಗೊಣಗಿ, ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತರು. ಪುಸ್ತಕ ಅಚ್ಚಾಗಿ ಬಂದದ್ದು ಆ ಬೆಳಿಗ್ಗೆಯೇ. ಅವರ ಕೈಗೆ ಪ್ರತಿ ಸಿಕ್ಕಿದ್ದು ಅಲ್ಲೇ. ಪ್ರಕಾಶಕರು ಕೊನೆಯ ಅಧ್ಯಾಯ ಓದಿ ಎಂದಾಗ ಅಕ್ಕನಿಗೆ ಸಂತೋಷವಾಯಿತೆಂದು ನನಗೆ ಗೊತ್ತು, ಏಕೆಂದರೆ ಅವರು ಪ್ರಕಾಶಕರಿಗೆ "ನೀನೇ ಆರಿಸಿದ್ದೇನಯ್ಯಾ?" ಎಂದರು.

ನಾನು ಪಕ್ಕದಲ್ಲಿ ನಿಂತಿದ್ದೆ. ಮಕ್ಕಳಿಗೆ ಕಾಣದ ಆ ಮುಖ ನನಗೆ ಕಾಣುತ್ತಿತ್ತು. ಗಿಳಿ ನೀರು ಕುಡಿಯಿತು. ಸಂಜೆಯಾಯಿತು. ಅಕ್ಕ ಪುಟ ತಿರುಗಿಸಿದರು. 'ಆಗ ಗಿಳಿಗೆ ಬಂಗಾರದ ರೆಕ್ಕೆಗಳು ಮೂಡಿದವು' ಎಂಬಲ್ಲಿಗೆ ದನಿ ನಿಂತಿತು. ತುಟಿಗಳು ಮಾತ್ರ ಅಲುಗುತ್ತ ಮುಂದಿನ ಸಾಲುಗಳ ಮೇಲೆ ಸಾಗಿದವು. ಗಿಳಿ ಆಕಾಶಕ್ಕೆ ಹಾರಿಹೋಗಿತ್ತು. ಹುಡುಗಿ ಅದರ ನೆನಪಿಗೆ ಒಂದು ಬೀಜ ನೆಟ್ಟಿದ್ದಳು. ಎಲ್ಲರೂ ಸುಖವಾಗಿದ್ದರು. ತಾನು ಬರೆದ ಪುಸ್ತಕದಲ್ಲಿ ತಾನು ಬರೆಯದ ಕೊನೆಯನ್ನು ತುಂಬಿದ ಸಭೆಯಲ್ಲಿ ನಿಂತು ಮೊದಲ ಸಲ ಓದುವವರ ಮುಖವನ್ನು ದೇವರು ಇನ್ನು ನನಗೆ ತೋರಿಸದಿರಲಿ.

ಆಗ ಮಾತಾಡಿದ್ದು ಒಬ್ಬ ಪುಟ್ಟ ಹುಡುಗಿ. ಪುಸ್ತಕ ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೊನೆಯ ಪುಟದ ಚಿತ್ರ ನೋಡುತ್ತಿದ್ದಳು. ಮಾತು ಬದಲಿಸಿದವರು ಚಿತ್ರ ಬದಲಿಸಲು ಮರೆತಿದ್ದರು. ಅದು ಮೊದಲ ಕಥೆಗೆ ಬರೆದ ಚಿತ್ರವೇ ಆಗಿತ್ತು.

"ಇವಳು ಯಾಕೆ ಅಗೀತಿದಾಳೆ?"

ಪ್ರಕಾಶಕರು ಲಗುಬಗೆಯಿಂದ ಮುಂದೆ ಬಂದರು. "ಬೀಜ ನೆಡ್ತಿದಾಳೆ ಪುಟ್ಟಾ."

"ಬೀಜಕ್ಕೆ ಇಷ್ಟು ದೊಡ್ಡ ಗುಂಡಿನಾ?"

"ದೊಡ್ಡ ಮರದ ಬೀಜ ಕಣಮ್ಮ ಅದು."

"ಮತ್ತೆ ಪಕ್ಕದಲ್ಲಿ ಬಟ್ಟೆ ಸುತ್ತಿ ಇಟ್ಟಿರೋದು ಏನು?"

"ಅದು... ಬುತ್ತಿ. ಊಟದ ಗಂಟು."

ಇನ್ನೊಬ್ಬ ಹುಡುಗ ಬಗ್ಗಿ ನೋಡಿದ. "ಬುತ್ತಿಗೆ ಬಾಲ ಇರುತ್ತಾ ಅಂಕಲ್?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆಗ ಅಕ್ಕ ತಿರುಗಿದರು. ಮಕ್ಕಳಿಗೆ ಮುಖ ಕೊಟ್ಟು ನಿಂತ ಅವರನ್ನು ನಾನು ಕಂಡದ್ದು ಅದೊಂದೇ ಸಲ. ಪುಸ್ತಕವನ್ನು ಮುಚ್ಚಿ ಕೋಟಿನ ಜೇಬಿಗೆ ತುರುಕಿದರು, ಅದು ಅರ್ಧ ಹೊರಗೇ ಉಳಿಯಿತು. "ಅದು ಗಿಳಿ. ಸತ್ತುಹೋಗಿದೆ. ಹಾರಿಹೋಯಿತು ಅಂತ ಇಲ್ಲಿ ಬರೆದಿರೋದು ಸುಳ್ಳು. ನಾನು ಬರೆದದ್ದಲ್ಲ ಅದು" ಎಂದರು. ಆಮೇಲೆ ಕೊನೆಯ ಅಧ್ಯಾಯವನ್ನು ಪೂರ್ತಿಯಾಗಿ, ಪುಸ್ತಕವಿಲ್ಲದೆ, ಬಾಯಲ್ಲೇ ಹೇಳಿದರು. ಕೆಲವು ಮಕ್ಕಳು ಅತ್ತವು. ಒಬ್ಬ ತಾಯಿ "ಏನ್ರೀ ಇದು ಅನಿಷ್ಟ" ಎಂದು ಮಗನ ತೋಳು ಹಿಡಿದೆಳೆದಳು. ಅವನು "ಇರಮ್ಮ, ಮುಗೀಲಿ" ಎಂದು ಮೆತ್ತೆಗೆ ಅಂಟಿಕೊಂಡು ಕೂತ.

ಮುಂದಿನ ವಾರ ನಾವು ಪ್ರಕಾಶಕರ ಕೋಣೆಯಲ್ಲಿದ್ದೆವು. ಗಾಜಿನ ಮೇಜು, ಅದರಾಚೆ ಅವರ ನಗು. ಎದುರಿನ ಕುರ್ಚಿಯಲ್ಲಿ ಅಕ್ಕ ಬೆನ್ನು ಒರಗಿಸದೆ ಕೂತಿದ್ದರು.

"ನನ್ನ ಅಧ್ಯಾಯ ವಾಪಸ್ ಹಾಕಿ" ಎಂದರು.

"ಅಕ್ಕಾ, ನನ್ನ ಹೆಂಡತಿ ನಿಮ್ಮ ಕೊನೆ ಓದಿ ಅತ್ತುಬಿಟ್ಟಳು. ದೊಡ್ಡವಳೇ ಅತ್ತರೆ ಮಕ್ಕಳ ಗತಿ ಏನು ಹೇಳಿ? ಅದಕ್ಕೇ ಸ್ವಲ್ಪ ಮೆತ್ತಗೆ ಮಾಡಿದೆ."

"ಅತ್ತು ಆಮೇಲೆ ಏನು ಮಾಡಿದರು?"

"ಯಾರು?"

"ನಿಮ್ಮ ಹೆಂಡತಿ."

ಪ್ರಕಾಶಕರು ನೆನಪಿಸಿಕೊಂಡರು. "ಏನಿಲ್ಲ... ಅವರಮ್ಮನಿಗೆ ಫೋನ್ ಮಾಡಿದಳು. ಬಹಳ ಹೊತ್ತು ಮಾತಾಡಿದಳು."

"ಮತ್ತೆ? ಪುಸ್ತಕದಿಂದ ಇನ್ನೇನು ಬೇಕಿತ್ತು ನಿಮಗೆ?"

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ಅವರು ಇನ್ನಷ್ಟು ನಯವಾಗುತ್ತಾರೆ. ಶಾಲೆಗಳು ಪುಸ್ತಕವನ್ನು ತೆಗೆದುಕೊಳ್ಳಲು ಒಪ್ಪಿರುವುದೇ ಅದರಲ್ಲಿ ಸಾವಿಲ್ಲ ಎಂದು. ಹಳೆಯ ಅಧ್ಯಾಯ ಹಾಕಿದರೆ ಮರುಮುದ್ರಣವೇ ಇಲ್ಲ, ಪುಸ್ತಕ ಇಲ್ಲಿಗೆ ಮುಗಿಯಿತು. ಅದಿರಲಿ, ಆ ಚಿತ್ರದಿಂದ ಮುಜುಗರವಾಗಿದೆ, ಮುಂದಿನ ಮುದ್ರಣದಲ್ಲಿ ಗಂಟನ್ನು ಅಳಿಸಿ ಆಕಾಶದಲ್ಲೊಂದು ಹಕ್ಕಿ ಬರೆಸುತ್ತೇವೆ. ಇದಕ್ಕೆಲ್ಲ ಅಕ್ಕ ಒಪ್ಪಿಗೆಯ ಒಂದು ಸಹಿ ಹಾಕಬೇಕು. ಹಾಕದಿದ್ದರೂ ಪುಸ್ತಕ ನಿಲ್ಲುತ್ತದೆ. "ಮೊದಲ ಸಲ ಕೇಳದೆ ಮಾಡಿದ್ದು ತಪ್ಪೇ ಅಕ್ಕಾ. ಈ ಸಲ ಕೇಳ್ತಿದೀನಿ ತಾನೇ?" ಎಂದು ಅವರು ಒಂದು ಪೆನ್ನನ್ನೂ ಮುಂದಕ್ಕೆ ಸರಿಸಿದರು.

ನಾನಾಗಿದ್ದರೆ ಆ ಪೆನ್ನನ್ನು ಮುರಿದು ಹಾಕುತ್ತಿದ್ದೆ. ಅಕ್ಕ ಅದನ್ನು ನೋಡುತ್ತ ಕೂತರು. ಆ ಹೊತ್ತಿನಲ್ಲಿ ಅವರ ಎದುರಿಗಿದ್ದ ಪ್ರಶ್ನೆ ಇಷ್ಟೇ: ಅಂಬಿಗನ ಮಗಳು ಸುಳ್ಳಿನ ಜೊತೆ ಮಕ್ಕಳ ಕೈ ಸೇರಬೇಕೋ, ನಿಜದ ಜೊತೆ ಹಸ್ತಪ್ರತಿಯಲ್ಲೇ ಕೊಳೆಯಬೇಕೋ. ಕೊನೆಗೆ ಬಾಯಿ ತೆರೆದಾಗ ದನಿ ಬಹಳ ಇಳಿದಿತ್ತು.

"ಮಾತು ತಮ್ಮದೇ ಇರಲಿ. ಚಿತ್ರವನ್ನು ತಾವು ಮುಟ್ಟಬೇಡಿ. ಗುಂಡಿ, ಗಂಟು, ಬಾಲ, ಎಲ್ಲ ಹಾಗೇ ಇರಬೇಕು. ಅದನ್ನು ಬರೆದು ಕೊಡಿ, ಸಹಿ ಹಾಕ್ತೀನಿ."

"ಆದರೆ ಅಕ್ಕಾ, ಮಕ್ಕಳು ಕೇಳ್ತಾವಲ್ಲ..."

"ಕೇಳಲಿ. ಓದಿ ಹೇಳೋ ಅಪ್ಪ ಅಮ್ಮಂದಿರು ಉತ್ತರ ಕೊಡಲಿ. ಮತ್ತೆ ನನ್ನ ಹೆಸರು ತೆಗೆದುಬಿಡಿ."

"ಹೆಸರಾ? ಹೆಸರಿಲ್ಲದೆ ಹೇಗಾಗುತ್ತೆ?"

"ಹಳೇ ಕಥೆಗೂ ಬರೆದವರ ಹೆಸರಿರಲಿಲ್ಲ. ನಡೀತು ತಾನೇ."

ನಾನು ತಡೆಯಲಾರದೆ "ಅಕ್ಕಾ, ಇಷ್ಟು ವರ್ಷದ ಕೆಲಸ" ಎಂದೆ. ಅವರು ನನ್ನತ್ತ ನೋಡಿದ ನೋಟದಲ್ಲಿ ನನಗೂ ಒಂದು 'ತಾವು' ಕಾದಿತ್ತು. ಪ್ರಕಾಶಕರು ಆ ಒಂದು ಸಾಲನ್ನು ಬರೆದುಕೊಟ್ಟರು. ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, ಸಹಿ ಹಾಕಿ, ತಮ್ಮ ಪ್ರತಿಯನ್ನು ಮಡಿಸಿ ಇಟ್ಟುಕೊಂಡರು.

ಕೆಲಸವಾಯಿತೆಂದು ಪ್ರಕಾಶಕರ ಮುಖ ಅರಳಿತು. ಒಂದು ಬಾಲದ ಬೆಲೆಗೆ ಇಡೀ ಕಾದಂಬರಿ ದಕ್ಕಿತೆಂದು ಅವರು ತಿಳಿದಿರಬೇಕು. "ಸಿಟ್ಟೆಲ್ಲ ಇಳೀತಲ್ಲ? ಈಗ ನನ್ನದೊಂದು ಆಸೆ ಕೇಳಿ" ಎಂದು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಎರಡನೇ ಭಾಗ ಬರೀರಿ ಅಕ್ಕಾ. ಗಿಳಿ ಹಾರಿಹೋಗಿದೆ, ಹೌದಾ? ವಾಪಸ್ ಬರಲಿ!"

ಇಂಥವರನ್ನು ಲೋಕ ಕಲ್ಲುಮನಸ್ಸಿನವರೆನ್ನುತ್ತದೆ. ಮಕ್ಕಳನ್ನು ಮುದ್ದಿಸದವರು, ನಗದವರು, ಶುಭ ನುಡಿಯಲು ಬಾರದವರು ಎನ್ನುತ್ತದೆ. ಮುದ್ದಿಸುವವರು ಬೇಕಾದಷ್ಟಿದ್ದಾರೆ. ಮಗುವಿಗೆ ತಿಳಿದೇ ಇರುವುದನ್ನು ಮಗುವಿನ ಜೊತೆ ಕೂತು ತಾವೂ ತಿಳಿಯಲು ಒಪ್ಪುವವರು ಅಪರೂಪ. ಅವರು ಎಲ್ಲಿದ್ದರೂ ಯಾರದೋ ಮೇಜಿನ ಎದುರು ಜಗಳವಾಡುತ್ತಲೇ ಇರುತ್ತಾರೆ, ಹೆಚ್ಚಾಗಿ ಸೋಲುತ್ತಾರೆ, ಸೋಲುವಾಗಲೂ ಅಳಿಸಲಾಗದ ಒಂದು ಚೂರನ್ನು ಎಲ್ಲೋ ಉಳಿಸಿ ಹೋಗುತ್ತಾರೆ. ಅವರ ಸಿಟ್ಟು ಅವರ ಪ್ರೀತಿಯ ಹೊರಗಿನ ವಸ್ತುವಲ್ಲ. ಅವರಲ್ಲಿ ಪ್ರೀತಿಗೆ ಬೇರೆ ಮುಖವೇ ಇರುವುದಿಲ್ಲ.

"ಬಂಗಾರದ ರೆಕ್ಕೆ ಹೇಗೂ ಇದೆ" ಎನ್ನುತ್ತಿದ್ದರು ಪ್ರಕಾಶಕರು, ಕೈಗಳೆರಡನ್ನೂ ರೆಕ್ಕೆಯಂತೆ ಬಿಚ್ಚಿ. "ಜೊತೆಗೆ ಪುಟ್ಟಪುಟ್ಟ ಮರಿಗಳು ಬರಲಿ. ಮರಿಗಳಿಗೆ ಹೆಸರಿಡೋಕೆ ಮಕ್ಕಳಿಗೇ ಒಂದು ಸ್ಪರ್ಧೆ ಇಡೋಣ. ರಾಕ್ಷಸನೂ ಒಳ್ಳೆಯವನಾಗಿಬಿಡಲಿ, ಅವನಿಗೊಂದು ಅಂಗಡಿ ಹಾಕಿಕೊಡೋಣ, ಏನಂತೀರಿ, ಆಮೇಲೆ ಮೂರನೇ ಭಾಗದಲ್ಲಿ ಗಿಳಿ ಮತ್ತೆ..."

ಅಕ್ಕ ಆಗಲೇ ಎದ್ದಿದ್ದರು. ತಲೆ ಮುಂದೆ, ಕೋಟು ಹಿಂದೆ, ಬಾಗಿಲು ದಾಟಿ, ಮೆಟ್ಟಿಲಿಳಿದು, ಅವರು ಹೊರಟೇ ಹೋದರು.